ಹೀರೆಬಳ್ಳಿ ತುಂಬ ಹೂವು, ಹೀಚೆಲ್ಲ ಹಳದಿಯಾಗಿ ಉದುರುತ್ತಿದೆ. ಏನು ಮಾಡಲಿ?

ತಾರಸಿ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ತಾರಸಿ ಮೇಲೆ ದೊಡ್ಡ ಗ್ರೋ ಬ್ಯಾಗಿನಲ್ಲಿ ಹೀರೆ ಹಾಕಿದ್ದೇನೆ. ತಳಿ ಅರ್ಕಾ ಸುಮೀತ್. ಬಳ್ಳಿ ಚಪ್ಪರದ ತುಂಬ ಹಬ್ಬಿದೆ, ಎಲೆ ಅಗಲವಾಗಿ ಹಸಿರಾಗಿದೆ, ಹೂವಿಗೂ ಕೊರತೆಯಿಲ್ಲ. ಆದರೆ ಒಂದು ಕಾಯಿಯೂ ನಿಲ್ಲುತ್ತಿಲ್ಲ. ಕಿರುಬೆರಳಷ್ಟು ಹೀಚು ಕಾಣಿಸುತ್ತದೆ, ಆಮೇಲೆ ತುದಿಯಿಂದ ಹಳದಿಯಾಗಿ ಸುಕ್ಕುಗಟ್ಟಿ ಬಿದ್ದುಹೋಗುತ್ತದೆ. ಇನ್ನೂ ಎಷ್ಟೋ ಹೂವು ಹೀಚೇ ಇಲ್ಲದೆ ಉದುರುತ್ತವೆ. ದಿನಾ ಬೆಳಗ್ಗೆ ನೀರು, ವಾರಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು ಕೊಡುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಎಲೆ ಜೋಲುಬೀಳುತ್ತದೆ. ಬೇರು ಕೊಳೆತಿರಬಹುದಾ? ಗೊಬ್ಬರ ಸಾಲದಾ?

ಚಪ್ಪರದಕ್ಕ
ಜೋಲುಬಿದ್ದ ಎಲೆ ಸಂಜೆ ಹೊತ್ತಿಗೆ ಎದ್ದು ನಿಲ್ಲುತ್ತದಾ? ಮಣ್ಣಿಗೆ ಬೆರಳು ಹಾಕಿದರೆ ಕೆಟ್ಟ ವಾಸನೆ ಇದೆಯಾ? ಇವೆರಡು ಮೊದಲು ಹೇಳಿ.

ತಾರಸಿ_ದಾವಣಗೆರೆ
ಸಂಜೆಗೆ ಸರಿಹೋಗುತ್ತದೆ ಅಕ್ಕ. ವಾಸನೆ ಏನೂ ಇಲ್ಲ.

ಚಪ್ಪರದಕ್ಕ
ಹಾಗಾದರೆ ಬೇರನ್ನು ಕೆದಕಬೇಡಿ. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ನೀರು ಆವಿಯಾಗಿ ಹೋಗುವುದು ಅಲ್ಲಿಂದಲೇ. ಸುಡುಬಿಸಿಲಿನಲ್ಲಿ ಎಲೆ ಕಳೆದುಕೊಳ್ಳುವಷ್ಟು ನೀರನ್ನು ಬೇರು ಮೇಲೆ ಕಳಿಸಲಾಗುವುದಿಲ್ಲ, ಅದಕ್ಕೇ ಎಲೆ ಜೋಲುತ್ತದೆ. ಬಿಸಿಲು ಇಳಿದ ಮೇಲೆ ಸರಿಹೋಗುತ್ತದೆ. ಬೇರು ಕೊಳೆತಿದ್ದರೆ ಮಣ್ಣು ಒದ್ದೆ ಇದ್ದರೂ ಸಂಜೆಗೆ ಎಲೆ ಏಳುತ್ತಿರಲಿಲ್ಲ. ನಿಮ್ಮ ಬೇರು, ಕಾಂಡ, ಎಲೆ ಮೂರೂ ತಮ್ಮ ಕೆಲಸ ಮಾಡುತ್ತಿವೆ. ತೊಂದರೆ ಇರುವುದು ಹೂವಿನಲ್ಲಿ.

ಹೀಚಿಲ್ಲದೆ ಉದುರುವವು ಗಂಡು ಹೂವು. ಅವು ಉದುರಲೇಬೇಕು, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹೀರೆಯಲ್ಲಿ ಗಂಡು ಹೂವು ಉದ್ದ ತೊಟ್ಟಿನ ಮೇಲೆ ಗೊಂಚಲಾಗಿ ಬರುತ್ತದೆ. ಹೆಣ್ಣು ಹೂವು ಒಂಟಿ, ಎಷ್ಟೋ ಸಲ ಅದೇ ಗೆಣ್ಣಿನಲ್ಲೇ ಇರುತ್ತದೆ. ಅದರ ಎಸಳಿನ ಕೆಳಗೆ ಪುಟ್ಟ ಹೀರೆಕಾಯಿ ಆಗಲೇ ಇರುತ್ತದೆ, ಏಣು ಕೂಡ ಕಾಣುತ್ತದೆ. ಅದು ಕಾಯಿಯಲ್ಲ, ಅಂಡಾಶಯ. ಹೂವು ಅರಳುವ ಮೊದಲೇ ಅದು ಅಲ್ಲಿರುತ್ತದೆ. ಪರಾಗ ಸಿಕ್ಕಿದರೆ ಕಾಯಿಯಾಗುತ್ತದೆ, ಸಿಗದಿದ್ದರೆ ಬಳ್ಳಿ ಅದನ್ನು ಹಳದಿ ಮಾಡಿ ಬಿಟ್ಟುಬಿಡುತ್ತದೆ. ನೀವು ಹೇಳುತ್ತಿರುವುದು ಇದನ್ನೇ.

ಹಿಂಡಿ ನೀರು ಸದ್ಯಕ್ಕೆ ನಿಲ್ಲಿಸಿ. ಹಿಂಡಿಯಲ್ಲಿರುವ ಸಾರಜನಕ ಜಾಸ್ತಿಯಾದರೆ ಬಳ್ಳಿ ಬರೀ ಎಲೆ, ಕುಡಿ ಬಿಡುತ್ತಾ ಹೋಗುತ್ತದೆ. ನಿಮ್ಮ ತಾರಸಿಗೆ ಜೇನ್ನೊಣ, ಪತಂಗ ಬರುತ್ತವಾ?

ತಾರಸಿ_ದಾವಣಗೆರೆ
ನಾಲ್ಕನೇ ಮಹಡಿ, ಹುಳ ಬರುವುದು ಕಮ್ಮಿ. ಅದಕ್ಕೇ ಕೈಯಲ್ಲೇ ಪರಾಗ ಮುಟ್ಟಿಸುತ್ತಿದ್ದೇನೆ. ಸಿಹಿಗುಂಬಳಕ್ಕೆ ಮಾಡುವ ಹಾಗೆ ಬೆಳಗ್ಗೆ ಒಂಬತ್ತಕ್ಕೆ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಸವರುತ್ತೇನೆ. ಆದರೂ ನಿಲ್ಲುತ್ತಿಲ್ಲ.

ಚಪ್ಪರದಕ್ಕ
ಸಿಕ್ಕಿತು ನೋಡಿ! ಹೀರೆ ಅರಳುವುದು ಸಂಜೆ. ಬಿಸಿಲು ತಗ್ಗಿದ ಮೇಲೆ, ಸುಮಾರು ಐದರಿಂದ ಏಳೂವರೆ ಒಳಗೆ ಎಸಳು ಬಿಚ್ಚುತ್ತದೆ. ಮರುದಿನ ಬೆಳಗ್ಗೆ ಒಂಬತ್ತಕ್ಕೆ ನಿಮ್ಮ ಕೈಗೆ ಸಿಗುವುದು ರಾತ್ರಿಯೆಲ್ಲ ತೆರೆದಿದ್ದು ಸೊರಗಿದ ಹೂವು. ಸಿಹಿಗುಂಬಳ ಅರಳುವುದು ನಸುಕಿನಲ್ಲಿ, ಅದಕ್ಕೆ ಬೆಳಗಿನ ಹೊತ್ತು ಸರಿ. ಸೋರೆಯ ಬಿಳಿ ಹೂವು ಹೀರೆಯ ಹಾಗೇ ಸಂಜೆಯದು. ತುಪ್ಪದ ಹೀರೆ ಹೀರೆಯ ಹತ್ತಿರದ ನಂಟಾದರೂ ಬೆಳಗ್ಗೆ ಅರಳುತ್ತದೆ. ಒಂದೇ ಕುಟುಂಬದ ಬಳ್ಳಿಗಳಿಗೆ ಒಂದೊಂದು ಹೊತ್ತು.

ಇವತ್ತು ಸಂಜೆ ಹೀಗೆ ಮಾಡಿ. ಆಗ ತಾನೇ ಅರಳಿದ ಗಂಡು ಹೂವು ಕಿತ್ತು ಎಸಳು ತೆಗೆಯಿರಿ. ನಡುವೆ ಕೇಸರ ಉಳಿಯುತ್ತದೆ. ಬೆರಳಿಗೆ ತಾಗಿಸಿದರೆ ಹಳದಿ ಪುಡಿ ಹತ್ತಬೇಕು. ಹತ್ತದಿದ್ದರೆ ಸ್ವಲ್ಪ ಹೊತ್ತು ಕಾಯಿರಿ. ಹೆಣ್ಣು ಹೂವಿನ ನಡುವೆ ಮೂರು ಹೋಳಾದ ಗುಬುಟು ಇರುತ್ತದೆ, ಅದು ಶಲಾಕಾಗ್ರ. ಮುಟ್ಟಿದರೆ ಸ್ವಲ್ಪ ಅಂಟು. ಮೂರೂ ಹೋಳಿಗೆ ಪುಡಿ ಹತ್ತುವಂತೆ ಮೆಲ್ಲಗೆ ಸವರಿ, ಒತ್ತಬೇಡಿ. ಒಂದು ಹೆಣ್ಣು ಹೂವಿಗೆ ಎರಡು ಗಂಡು ಹೂವು ಬಳಸಿ.

ಮಣ್ಣುಮಿತ್ರ_ಧಾರವಾಡ
ಹಣ್ಣುನೊಣ ಇದೆಯಾ ಅಂತಲೂ ನೋಡಿಬಿಡಿ ಸರ್. ಅದು ಚುಚ್ಚಿದ ಹೀಚೂ ಹಳದಿಯಾಗಿ ಬೀಳುತ್ತದೆ. ಬಿದ್ದದ್ದನ್ನು ಸೀಳಿ. ಒಳಗೆ ಬಿಳಿ ಹುಳ ಇದ್ದರೆ, ಇಲ್ಲವೇ ಮೇಲೆ ಸೂಜಿ ಚುಚ್ಚಿದಂತಹ ಗುರುತಿನಿಂದ ಅಂಟು ಒಸರಿದ್ದರೆ ನೊಣದ್ದೇ ಕೆಲಸ. ಆಗ ಕ್ಯೂ ಲ್ಯೂರ್ ಬಲೆ ಕಟ್ಟಿ, ಅಂದರೆ ವಾಸನೆಯಿಂದ ನೊಣ ಸೆಳೆದು ಹಿಡಿಯುವ ಬಲೆ. ಅದಕ್ಕೆ ಗಂಡು ನೊಣ ಮಾತ್ರ ಬೀಳುತ್ತದೆ, ಹಾಗಾಗಿ ನಿಂತ ಹೀಚಿಗೆ ಕಾಗದದ ಚೀಲವನ್ನೂ ಹಾಕಬೇಕು. ಉದುರಿದ್ದನ್ನು ಮಾತ್ರ ಬ್ಯಾಗಿನ ಮಣ್ಣಲ್ಲಿ ಬಿಡಬೇಡಿ, ಹುಳ ಮಣ್ಣಿಗಿಳಿದು ಕೋಶವಾಗಿ, ಆಮೇಲೆ ನೊಣವಾಗಿ ಹೊರಬರುತ್ತದೆ.

ತಾರಸಿ_ದಾವಣಗೆರೆ
ಸೀಳಿ ನೋಡಿದೆ ಸರ್, ಹುಳ ಇಲ್ಲ. ಸಂಜೆ ಆರೂವರೆಗೆ ಮೇಲೆ ಹೋದರೆ ಚಪ್ಪರದ ತುಂಬ ಹಳದಿ ಹೂವು! ಬೆಳಗ್ಗೆ ಯಾವತ್ತೂ ಹೀಗೆ ಕಂಡಿರಲಿಲ್ಲ. ಬೆರಳಿಗೆ ಪುಡಿ ಚೆನ್ನಾಗಿ ಹತ್ತಿತು. ಏನಾಯಿತು ಅಂತ ಮತ್ತೆ ಬರೆಯುತ್ತೇನೆ.

ತಾರಸಿ_ದಾವಣಗೆರೆ
ಅಕ್ಕ, ಹೀಚು ನಿಂತಿದೆ! ಹಸಿರಾಗಿಯೇ ಇದೆ, ಕೆಳಮುಖವಾಗಿ ಬಾಗಿ ಉದ್ದ ಆಗುತ್ತಿದೆ. ಒಂದು ಮಾತ್ರ ವಕ್ರ. ತೊಟ್ಟಿನ ಕಡೆ ಸಣಕಲು, ತುದಿ ದಪ್ಪ. ರೋಗವಾ?

ಚಪ್ಪರದಕ್ಕ
ರೋಗ ಅಲ್ಲ, ಪರಾಗ ಸಾಲದೆ ಹೀಗಾಗಿರಬೇಕು. ಶಲಾಕಾಗ್ರದ ಮೇಲೆ ಬಿದ್ದ ಪ್ರತಿ ಪರಾಗದ ಕಣವೂ ಒಂದು ಸಣ್ಣ ನಾಳ ಬಿಡುತ್ತದೆ. ಆ ನಾಳ ಅಂಡಾಶಯದೊಳಕ್ಕೆ ಇಳಿದು ಅಂಡವನ್ನು ಮುಟ್ಟಿದರೆ ಒಂದು ಬೀಜ. ಒಂದು ಬೀಜಕ್ಕೆ ಒಂದು ಕಣ. ಬೆಳೆಯುವ ಬೀಜವೇ ಸುತ್ತಲಿನ ತಿರುಳನ್ನೂ ಬೆಳೆಸುತ್ತದೆ. ತುದಿಯ ಕಡೆ ಬೀಜ ಕಟ್ಟಿದೆ, ತೊಟ್ಟಿನ ತನಕ ನಾಳಗಳು ಸಾಕಷ್ಟು ತಲುಪಿಲ್ಲ, ಅದಕ್ಕೇ ಆ ಕಡೆ ಸಣಕಲು. ಅಡುಗೆಗೆ ಏನೂ ತೊಂದರೆಯಿಲ್ಲ. ಎಳೆಯದಿದ್ದಾಗಲೇ ಕೊಯ್ದುಬಿಡಿ, ಬಳ್ಳಿಗೂ ಭಾರ ಇಳಿಯುತ್ತದೆ.

ಇನ್ನೊಂದು ವಿಷಯ. ಮುಖ್ಯ ಬಳ್ಳಿಯ ಕುಡಿ ಚಿವುಟಿ. ಪಕ್ಕದ ಕವಲುಗಳು ಬರುತ್ತವೆ, ಹೆಣ್ಣು ಹೂವು ಜಾಸ್ತಿ ಬಿಡುವುದು ಅವುಗಳಲ್ಲೇ.

ತಾರಸಿ_ದಾವಣಗೆರೆ
ಚಿವುಟುತ್ತೇನೆ ಅಕ್ಕ. ಗಂಡು ಹೆಣ್ಣು ಒಂದೇ ಹೂವಿನಲ್ಲಿರುವ ಹೀರೆ ಇದೆಯಾ? ಇದ್ದರೆ ಈ ಸವರುವ ಕೆಲಸವೇ ತಪ್ಪುತ್ತದಲ್ವಾ?

ಮಣ್ಣುಮಿತ್ರ_ಧಾರವಾಡ
ಇದೆ ಸರ್, ಸತ್ಪುತಿಯಾ ಅಂತ. ಬಿಹಾರದ ಕಡೆ ಬೆಳೆಯುತ್ತಾರೆ. ಒಂದೇ ಹೂವಿನಲ್ಲಿ ಎರಡೂ ಇರುತ್ತದೆ, ಸಣ್ಣ ಸಣ್ಣ ಕಾಯಿ ಗೊಂಚಲಾಗಿ ಬಿಡುತ್ತದೆ. ಬೀಜ ಸಿಕ್ಕಿದರೆ ಮುಂದಿನ ಸಲ ಒಂದು ಬ್ಯಾಗಿಗೆ ಹಾಕಿ ನೋಡಿ. ಈ ಸಲಕ್ಕೆ ಸಂಜೆ ಆರೂವರೆಯೇ ಗತಿ.