ಮಗನ ಸಾಕರ್ ಫೀಸು ಯಾಕೆ ಇಷ್ಟು? ಸಿಯಾಟಲ್‌ಗೆ ಬರುತ್ತಿರುವ ತಂಗಿಗೆ

ಎಲ್ಲರಿಗೂ ನಮಸ್ಕಾರ. ಮೊನ್ನೆ ಬೆಂಗಳೂರಿನಿಂದ ಇಲ್ಲಿಗೆ ಬರಲಿರುವ ತಂಗಿಯೊಬ್ಬರು ಗುಂಪಿನಲ್ಲಿ ಕೇಳಿದ್ದರು: "ಮಗನಿಗೆ ಹನ್ನೊಂದು ವರ್ಷ, ಫುಟ್‌ಬಾಲ್ ಹುಚ್ಚು. ಅಲ್ಲಿ ಎಂಎಲ್‌ಎಸ್ ನೆಕ್ಸ್ಟ್, ಇಸಿಎನ್‌ಎಲ್ ಅಂತ ಏನೇನೋ ಹೇಳುತ್ತಾರೆ. ಯಾವುದಕ್ಕೆ ಸೇರಿಸಲಿ?" ಎರಡೂ ಮಕ್ಕಳ ಕ್ಲಬ್ಬುಗಳು ಆಡುವ ಲೀಗುಗಳು. ಅರ್ಧ ಜನ "ಸುಮ್ನೆ ದುಡ್ಡು ದಂಡ" ಅಂದರು. ಇನ್ನರ್ಧ ತಮ್ಮ ಮಕ್ಕಳ ಟ್ರೋಫಿ ಫೋಟೊ ಹಾಕಿದರು. ನಾನು ಏಳು ವರ್ಷ ಈ ಊರಿನ ಮಳೆಯಲ್ಲಿ ಮೈದಾನದ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತವನು. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಮಾಡಿಕೊಂಡು ಬಂದು ಓದಿ.

ಕ್ಲಬ್ಬಿನ ಹೆಸರು ಆಮೇಲೆ. ಮೊದಲು ಆ ಕ್ಲಬ್ಬಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಿ. ನಾವು ವರ್ಷಕ್ಕೆ ಮೂರು ಸಾವಿರ ಡಾಲರ್ ಮೇಲೆ ಕಟ್ಟಿದ್ದೇವೆ. ಜೆರ್ಸಿ, ಟೂರ್ನಮೆಂಟು, ಹೋಟೆಲು ಎಲ್ಲ ಬೇರೆ. ನಾನೂ ಮೊದಲು ಕ್ಲಬ್ಬಿನವರ ದುರಾಸೆ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಬೇರು ಇನ್ನೂ ಆಳದಲ್ಲಿತ್ತು.

ಫಿಫಾದ್ದು ಒಂದು ನಿಯಮ ಇದೆ. ಆಟಗಾರ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಮಾರಾಟವಾದರೆ, ಆ ಮೊತ್ತದಲ್ಲಿ ಶೇ. 5 ಭಾಗವನ್ನು 12ರಿಂದ 23ನೇ ವಯಸ್ಸಿನವರೆಗೆ ಅವನಿಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಬೇಕು. ಹಾಗಾಗಿ ಬೇರೆ ಎಷ್ಟೋ ದೇಶಗಳಲ್ಲಿ ಗಲ್ಲಿಯ ಕ್ಲಬ್ಬಿಗೂ ಒಬ್ಬ ಒಳ್ಳೆಯ ಹುಡುಗ ಅಂದರೆ ಮುಂದಿನ ಫಸಲು. ಅಮೆರಿಕದ ಫೆಡರೇಶನ್ ಮಾತ್ರ ಇಲ್ಲಿನ ಕಾನೂನಿಗೆ ಅಡ್ಡ ಬರುತ್ತದೆ ಅನ್ನುವ ಕಾರಣ ಹೇಳಿ ಇದನ್ನು ವರ್ಷಗಟ್ಟಲೆ ಜಾರಿ ಮಾಡಲೇ ಇಲ್ಲ.

ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ರೆಡ್ಮಂಡ್ ಗೊತ್ತಲ್ಲ, ನಮ್ಮವರು ಅರ್ಧ ಜನ ಕೆಲಸ ಮಾಡುವ ಊರು. ಅಲ್ಲಿಯ ಕ್ರಾಸ್‌ಫೈರ್ ಪ್ರೀಮಿಯರ್ ಕ್ಲಬ್ಬಿನಲ್ಲಿ ಡಿಆಂಡ್ರೆ ಯೆಡ್ಲಿನ್ ಅನ್ನುವ ಹುಡುಗ ಆಡಿ ಬೆಳೆದ. 2013ರಲ್ಲಿ ಇಲ್ಲಿಯ ವೃತ್ತಿಪರ ತಂಡ ಸಿಯಾಟಲ್ ಸೌಂಡರ್ಸ್ ಸೇರಿದ. 2014ರಲ್ಲಿ ಇಂಗ್ಲೆಂಡಿನ ಟಾಟನ್‌ಹ್ಯಾಮ್ ಅವನನ್ನು ಕೊಂಡಿತು. ನಮಗೂ ಪಾಲು ಬರಬೇಕು ಅಂತ ಕ್ರಾಸ್‌ಫೈರ್ ಫಿಫಾ ಬಾಗಿಲು ತಟ್ಟಿತು. ಕೇಸು ವರ್ಷಗಟ್ಟಲೆ ಎಳೆದು ಕೊನೆಗೆ ಅವರ ವಿರುದ್ಧವೇ ಹೋಯಿತು. ಹುಡುಗನನ್ನು ಬೆಳೆಸಿದ್ದಕ್ಕೆ ಹೊರಗಿನಿಂದ ಬಿಡಿಗಾಸೂ ಬಾರದಿದ್ದರೆ ಕೋಚ್ ಸಂಬಳ ಯಾರು ಕೊಡಬೇಕು? ನಾವೇ. ಗಿರಾಕಿಗಳು ನಾವು.

ಗಿರಾಕಿಗೆ ಏನು ಬೇಕು? ಗೆಲುವು. ಅದೂ ಈ ಶನಿವಾರವೇ. ನಮ್ಮವನು ಹನ್ನೆರಡರಲ್ಲಿ ಕುಳ್ಳಗೆ, ಸಣ್ಣಗೆ ಇದ್ದ. ಚೆಂಡು ಕಾಲಿಗೆ ಅಂಟಿಕೊಂಡ ಹಾಗೆ ಆಡುತ್ತಿದ್ದ, ಅದು ಅಪ್ಪನ ಕಣ್ಣು ಅಂತಲೇ ಇಟ್ಟುಕೊಳ್ಳಿ. ಆದರೆ ಆಗಲೇ ಮೀಸೆ ಚಿಗುರಿದ ಹುಡುಗರು ಮುಂದೆ ನಿಲ್ಲುತ್ತಿದ್ದರು. ಹಿಂದಿನಿಂದ ಉದ್ದಕ್ಕೆ ಒದೆ, ಓಡು, ಗೋಲ್ ಹೊಡೆ. ನಮ್ಮವನು ಬೆಂಚ್ ಮೇಲೆ. ಕೋಚ್ ಒಳ್ಳೆಯ ಮನುಷ್ಯ, ತಪ್ಪೇನೂ ಹೇಳುವುದಿಲ್ಲ. ನಾಲ್ಕು ಪಂದ್ಯ ಸೋತರೆ ಆರು ಕುಟುಂಬ ಪಕ್ಕದ ಕ್ಲಬ್ಬಿಗೆ ಹೋಗುತ್ತವೆ ಅಂತ ಅವರಿಗೆ ಗೊತ್ತಿತ್ತು. ಹಾಗೆ ಹೋದವರಲ್ಲಿ ನಾವೂ ಒಬ್ಬರು, ಮುಚ್ಚಿಡುವುದೇನು!

ದೊಡ್ಡ ವೃತ್ತಿಪರ ತಂಡಗಳು ಹುಡುಗರನ್ನು ಬೆಳೆಸಲು ನಡೆಸುವ ಅಕಾಡೆಮಿ ಬೇರೆ ಲೋಕ. ಎಂಎಲ್‌ಎಸ್, ಅಂದರೆ ಇಲ್ಲಿಯ ಗಂಡಸರ ದೊಡ್ಡ ವೃತ್ತಿಪರ ಲೀಗು, 1996ರಲ್ಲಿ ಶುರುವಾದಾಗ ತಂಡಗಳಿಗೆ ಹುಡುಗರನ್ನು ಬೆಳೆಸುವ ಒತ್ತಾಯ ಇರಲಿಲ್ಲ. ಕಾಲೇಜು ಮುಗಿಸಿದವರನ್ನು ತಂಡಗಳು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ ಆರಿಸಿಕೊಂಡರೆ ಆಯಿತು. ಕೊನೆಗೆ ಬಂದ ತಂಡ ಕೆಳಗಿನ ಲೀಗಿಗೆ ಬೀಳುವ ಭಯವೂ ಇಲ್ಲ. 2008ರಲ್ಲಿ ಹೋಮ್‌ಗ್ರೋನ್ ನಿಯಮ ಬಂತು. ಅದರ ಪ್ರಕಾರ ನಿನ್ನ ಅಕಾಡೆಮಿ ಹುಡುಗನನ್ನು ಡ್ರಾಫ್ಟಿಗೆ ಬಿಡದೆ ನೀನೇ ಸೇರಿಸಿಕೊಳ್ಳಬಹುದು. ತಂಡದ ಸಂಬಳಕ್ಕೆ ಲೀಗು ಒಂದು ಮಿತಿ ಹಾಕಿದೆ, ಆದರೆ ಇಂಥ ಎಳೆಯರಿಗೆ ಆ ಲೆಕ್ಕದ ಹೊರಗೆ ಜಾಗ ಇದೆ. ಅಲ್ಲಿಂದ ತಂಡಗಳು ಅಕಾಡೆಮಿಗೆ ದುಡ್ಡು ಹಾಕತೊಡಗಿದವು. ಆದರೂ ತೂತು ಉಳಿದಿತ್ತು. ಎಫ್‌ಸಿ ಡಲ್ಲಾಸ್ ಅಕಾಡೆಮಿಯ ವೆಸ್ಟನ್ ಮೆಕೆನ್ನಿ 2016ರಲ್ಲಿ 18 ತುಂಬುತ್ತಿದ್ದಂತೆ ಜರ್ಮನಿಯ ಶಾಲ್ಕೆಗೆ ಹೋದ. ಆಗ ಡಲ್ಲಾಸ್ ಕೈಗೆ ಏನೂ ಬರಲಿಲ್ಲ. 2019ರಲ್ಲಿ ಲೀಗು ತಾನೂ ಫಿಫಾ ನಿಯಮದ ಪಾಲು ಕೇಳುತ್ತೇನೆ ಅಂದಿತು. 2022ರ ಜನವರಿಯಲ್ಲಿ ಅದೇ ಡಲ್ಲಾಸ್ ರಿಕಾರ್ಡೊ ಪೆಪಿಯನ್ನು ಜರ್ಮನಿಯ ಔಗ್ಸ್‌ಬರ್ಗ್‌ಗೆ ಸುಮಾರು 2 ಕೋಟಿ ಡಾಲರ್‌ಗೆ ಮಾರಿತು. ಈ ಅಕಾಡೆಮಿಗಳಲ್ಲಿ ಹೆಚ್ಚಿನವು ಫೀಸು ತೆಗೆದುಕೊಳ್ಳದೇ ಇರುವುದು ಈ ಆಸೆಯಿಂದಲೇ. ಮಗು ಗಿರಾಕಿ ಅಲ್ಲ, ಸರಕು. ಮಾತು ಒರಟಾಯಿತು, ಕ್ಷಮಿಸಿ. ಆದರೆ ಆ ಸರಕಿಗೆ ಚೆಂಡು ಹಿಡಿದು ಆಡುವುದನ್ನು ಚೆನ್ನಾಗಿಯೇ ಕಲಿಸುತ್ತಾರೆ.

ಟೆಕ್ಸಾಸ್‌ನ ಅಕ್ಕ "ಎಂಎಲ್‌ಎಸ್ ನೆಕ್ಸ್ಟ್ ಅಂದರೆ ಫ್ರೀ" ಅಂತ ಗುಂಪಿನಲ್ಲಿ ಹೇಳಿದ್ದರು. ಪೂರ್ತಿ ಹಾಗಲ್ಲ ಅಕ್ಕ. ಅದು 2020ರಲ್ಲಿ ಶುರುವಾದ ಮಕ್ಕಳ ಲೀಗು. ಅದರಲ್ಲಿ ವೃತ್ತಿಪರ ತಂಡಗಳ ಅಕಾಡೆಮಿಗಳೂ ಇವೆ, ಫೀಸು ಕಟ್ಟಿಸಿಕೊಳ್ಳುವ ಮಾಮೂಲಿ ಕ್ಲಬ್ಬುಗಳೂ ಇವೆ. ಎದೆ ಮೇಲಿನ ಲೋಗೊ ಒಂದೇ, ಬಿಲ್ಲು ಬೇರೆ. ಅದರ ಮೇಲಿನ ದರ್ಜೆಯಲ್ಲಿ ಆಡುವವರು ಸಾಮಾನ್ಯವಾಗಿ ಹೈಸ್ಕೂಲ್ ತಂಡದಲ್ಲಿ ಆಡುವಂತಿಲ್ಲ. ಇಸಿಎನ್‌ಎಲ್‌ನಲ್ಲಿ ಆ ಕಟ್ಟು ಇಲ್ಲ. ನಮ್ಮನೆಯಲ್ಲಿ ಎರಡು ವಾರ ಜಗಳ ಆಗಿದ್ದು ಇದಕ್ಕೇ. ನಾನು "ಮೇಲಿನ ಲೀಗು" ಅಂತಿದ್ದೆ. ಮಗ "ನನ್ನ ಕ್ಲಾಸಿನವರ ಜೊತೆ ಆಡಬೇಕು" ಅಂತಿದ್ದ. ಇವಳು ನನ್ನನ್ನು ನೋಡಿ "ನೀವು ಆಡೋದಾ, ಅವನು ಆಡೋದಾ?" ಅಂದಳು. ಅಲ್ಲಿಗೆ ಮುಗಿಯಿತು.

ಇನ್ನು ನಮ್ಮವರಿಗೆ ಜಾಸ್ತಿ ತಾಗುವ ವಿಷಯ, ವೀಸಾ. ಎಚ್‌-4 ವೀಸಾ (ಕೆಲಸದ ವೀಸಾ ಇರುವವರ ಮನೆಯವರಿಗೆ ಕೊಡುವಂಥದ್ದು) ಮೇಲಿರುವ ಮಗು ಅಕಾಡೆಮಿಯಲ್ಲಿ ಆಡಬಹುದು, ಕಲಿಯಬಹುದು. ಸಂಬಳದ ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲ, ಯಾಕೆಂದರೆ ಎಚ್‌-4 ಮಗುವಿಗೆ ದುಡಿಯುವ ಹಕ್ಕಿಲ್ಲ. ಮೇಲಾಗಿ ಎಂಎಲ್‌ಎಸ್‌ನಲ್ಲಿ ವಿದೇಶಿ ಆಟಗಾರರಿಗೆ ಜಾಗ ಲೆಕ್ಕದ್ದು. ಗ್ರೀನ್ ಕಾರ್ಡ್ ಇದ್ದವರನ್ನು ವಿದೇಶಿ ಅಂತ ಎಣಿಸುವುದಿಲ್ಲ. ನಮ್ಮ ಗ್ರೀನ್ ಕಾರ್ಡ್ ಸಾಲಿನ ಕಥೆ ನಿಮಗೆ ಹೇಳಬೇಕಿಲ್ಲ.

ಯುರೋಪಿಗೆ ಕಳಿಸುತ್ತೇವೆ ಅನ್ನುವವರಿಗೂ ಒಂದು ಮಾತು. 18ರೊಳಗಿನ ಆಟಗಾರರನ್ನು ದೇಶ ದಾಟಿಸುವುದಕ್ಕೆ ಫಿಫಾ ತಡೆ ಇದೆ. ಪೆನ್ಸಿಲ್ವೇನಿಯಾದ ಹರ್ಷಿ ಊರಿನ ಆಟಗಾರ ಪುಲಿಸಿಕ್ 16ಕ್ಕೇ ಜರ್ಮನಿಯ ಡಾರ್ಟ್‌ಮಂಡ್ ಪರ ಆಡಲು ಆಗಿದ್ದು ಅಜ್ಜನ ಕಡೆಯಿಂದ ಸಿಕ್ಕ, ಯುರೋಪ್ ಒಕ್ಕೂಟದ ದೇಶವಾದ ಕ್ರೊಯೇಷಿಯಾ ಪಾಸ್‌ಪೋರ್ಟ್‌ನಿಂದ. ಮಗನಿಗೆ ಅಮೆರಿಕದ ಪಾಸ್‌ಪೋರ್ಟ್ ಇದ್ದು, ಒಸಿಐ ಕಾರ್ಡ್ (ವಿದೇಶಿ ಪೌರತ್ವದ ಭಾರತೀಯ ಮೂಲದವರಿಗೆ ಕೊಡುವಂಥದ್ದು, ಅದು ಪೌರತ್ವ ಅಲ್ಲ) ಇಟ್ಟುಕೊಂಡು ಭಾರತದ ಪರ ಆಡಿಸೋಣ ಅಂದರೆ ಅದೂ ಆಗದು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾ ಪೌರತ್ವ ಬಿಟ್ಟ ಮೇಲೆಯೇ ಭಾರತದ ಶಿಬಿರಕ್ಕೆ ಕರೆ ಬಂದಿದ್ದು.

ತಂಗಿ, ನಿಮ್ಮ ಮಗನಿಗೆ ಹತ್ತು ದಾಟಿದೆ. ಬೆಂಗಳೂರಿನಲ್ಲಿ ಕ್ಲಬ್ಬಿನಲ್ಲಿ ನೋಂದಣಿ ಆಗಿದ್ದರೆ ಇಲ್ಲಿ ಸೇರುವಾಗ ಅಂತರರಾಷ್ಟ್ರೀಯ ವರ್ಗಾವಣೆ ಪತ್ರ ಕೇಳುತ್ತಾರೆ. ಜನನ ಪ್ರಮಾಣಪತ್ರ, ನಿಮ್ಮ ಕೆಲಸದ ಪತ್ರ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಅಪ್ಪ ಅಮ್ಮ ಊರು ಬಿಟ್ಟಿದ್ದು ಫುಟ್‌ಬಾಲ್‌ಗಾಗಿ ಅಲ್ಲ ಅಂತ ತೋರಿಸಬೇಕು. ನಗಬೇಡಿ, ನಿಜ.

ಸ್ಕಾಲರ್‌ಶಿಪ್ ಆಸೆಯನ್ನು ಮಾತ್ರ ಈಗಲೇ ಕಟ್ಟಿಕೊಳ್ಳಬೇಡಿ. ಬಹಳ ವರ್ಷ ದೊಡ್ಡ ಕಾಲೇಜುಗಳ ಇಡೀ ಗಂಡುಹುಡುಗರ ತಂಡಕ್ಕೆ ಇದ್ದಿದ್ದೇ 9.9 ಸ್ಕಾಲರ್‌ಶಿಪ್, ಅದನ್ನೇ ಚೂರು ಮಾಡಿ ಹಂಚುತ್ತಿದ್ದರು. 2025ರಲ್ಲಿ ನಿಯಮ ಸಡಿಲವಾಯಿತು, ಆದರೆ ಹಂಚುವ ದುಡ್ಡು ಕಾಲೇಜಿನ ಜೇಬು ನೋಡಿಕೊಂಡು.

ಹೆಣ್ಣುಮಕ್ಕಳ ಬಗ್ಗೆ ಕೇಳಿದವರಿಗೆ: ಅಲ್ಲಿಯ ನಿಯಮ ಬದಲಾಯಿಸಿದ್ದು ಒಬ್ಬ ಹುಡುಗಿ. 18 ತುಂಬದವರು ಬೇಡ ಅಂದ ಇಲ್ಲಿಯ ಹೆಂಗಸರ ವೃತ್ತಿಪರ ಲೀಗು ಎನ್‌ಡಬ್ಲ್ಯುಎಸ್‌ಎಲ್ ಮೇಲೆ 2021ರಲ್ಲಿ ಹದಿನೈದರ ಒಲಿವಿಯಾ ಮೊಲ್ಟ್ರಿ ಕೋರ್ಟಿಗೆ ಹೋದಳು. ಅದೇ ವರ್ಷ ಪೋರ್ಟ್‌ಲ್ಯಾಂಡ್ ಪರ ಆಡಿದಳು. 2024ರಲ್ಲಿ ಆ ಲೀಗು ಕಾಲೇಜು ಡ್ರಾಫ್ಟನ್ನೂ ಕೈಬಿಟ್ಟಿತು.

ನಮ್ಮವನು ಈಗ ಹೈಸ್ಕೂಲ್ ತಂಡದಲ್ಲಿದ್ದಾನೆ. ಇಲ್ಲಿ ಗಂಡುಹುಡುಗರ ಸೀಸನ್ನು ವಸಂತದಲ್ಲಿ, ಅಂದರೆ ಮಳೆಯಲ್ಲಿ. ಅವನ ಹಳೇ ಬೂಟು ಮೂರು ಜೊತೆ ಗ್ಯಾರೇಜಿನಲ್ಲಿವೆ, ಇಲ್ಲಿ ಕ್ಲೀಟ್ಸ್ ಅನ್ನುತ್ತಾರೆ. ನಿಮ್ಮವನ ವಯಸ್ಸಿನಲ್ಲಿ ಕೊಂಡಿದ್ದು. ಬಂದ ವಾರವೇ ಹೊಸದಕ್ಕೆ ದುಡ್ಡು ಸುರಿಯಬೇಡಿ, ಒಂದು ಭಾನುವಾರ ಊಟಕ್ಕೆ ಬಂದು ತಗೊಂಡು ಹೋಗಿ. ಮಣ್ಣು ಮಾತ್ರ ನೀವೇ ತೊಳೆದುಕೊಳ್ಳಬೇಕು.