ಎರಡು ರಾತ್ರಿ ನಿಲ್ಲಿಸಿದರೆ ಬ್ಯಾಟರಿ ಖಾಲಿ: 1999ರ ಮಾರುತಿ 800, ಯಾರಾದ್ರೂ ದಾರಿ ಹೇಳಿ

ತುಂಗೆದಡ:

ನಮಸ್ಕಾರ. ನಮ್ಮದು 1999ರ ಮಾರುತಿ 800, ಕಾರ್ಬುರೇಟರ್ ಗಾಡಿ. ಅಪ್ಪ ಹೊಸದಾಗಿ ತಗೊಂಡಿದ್ದು, ಈಗ ನನ್ನ ಕೈಲಿದೆ. ಮನೆ ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ. ವಾರಕ್ಕೆ ಎರಡು ಸಲ ಪೇಟೆಗೆ ಹೋಗಿ ಬರುವುದು ಬಿಟ್ಟರೆ ಗಾಡಿ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ಇರುತ್ತದೆ.

ಭಾನುವಾರ ಓಡಿಸಿ ನಿಲ್ಲಿಸಿದರೆ ಮಂಗಳವಾರ ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ. ಟಿಕ್ ಟಿಕ್ ಅನ್ನುತ್ತದೆ, ಅಷ್ಟೇ. ಅಂಗಳದ ಇಳಿಜಾರಿಗೆ ತಳ್ಳಿ ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ತಕ್ಷಣ ಸ್ಟಾರ್ಟ್. ಬ್ಯಾಟರಿ ಹೋಗಿದೆ ಅಂತ ಹೊಸ 35 ಆಂಪಿಯರ್ ಅವರ್ ಬ್ಯಾಟರಿ ಹಾಕಿಸಿದೆ. ಹಳೇದನ್ನು ಅಲ್ಲೇ ಎಕ್ಸ್‌ಚೇಂಜ್‌ಗೆ ಕೊಟ್ಟೆ. ಎರಡು ವಾರ ಆಯಿತು, ಮತ್ತೆ ಅದೇ ಕಥೆ.

ಊರಿನ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದ್ದೆ. ಅವರು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಎತ್ತಿ ನೋಡಿದರು. ಎಂಜಿನ್ ನಿಲ್ಲಲಿಲ್ಲ. "ಡೈನಮೋ ಚೆನ್ನಾಗಿದೆ, ಬ್ಯಾಟರಿದೇ ಪ್ರಾಬ್ಲಮ್" ಅಂದರು. ಬ್ಯಾಟರಿ ಬದಲಾಯಿಸಿದ್ದು ಅದಾದ ಮೇಲೆಯೇ.

ಇನ್ನೂ ಒಂದೆರಡು ವಿಷಯ, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ನಂಗೆ ಗೊತ್ತಿಲ್ಲ. ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಸ್ವಲ್ಪ ಮೇಲೆ ಹೋಗುತ್ತದೆ, ಆಫ್ ಮಾಡಿದರೆ ವಾಪಸ್ ಇಳಿಯುತ್ತದೆ. ಆಗುಂಬೆ ಕಡೆ ಮಳೆಯಲ್ಲಿ ಬರುವಾಗ ವೈಪರ್ ಹಾಕಿದರೆ ಲೈಟು ಮಂಕಾಗಿ ವೈಪರ್ ತಾಳಕ್ಕೆ ಕುಣಿಯುತ್ತದೆ. ಗಾಡಿ ಚಾರ್ಜ್ ಮಾಡಿ ಇಟ್ಟ ದಿನವೂ ಸೆಲ್ಫ್ ಅಷ್ಟೇನೂ ಜೋರಾಗಿ ತಿರುಗುವುದಿಲ್ಲ. ಆಕ್ಸಿಲರೇಟರ್ ಕೇಬಲ್ ಬೇರೆ ಒಂದೇ ವರ್ಷದಲ್ಲಿ ಎರಡು ಸಲ ಬಿಗಿಯಾಗಿ ಬದಲಾಯಿಸಿದ್ದಾಯಿತು.

ಶಿವಮೊಗ್ಗಕ್ಕೆ ತಗೊಂಡು ಹೋಗುವ ಮೊದಲು ಮನೆಯಲ್ಲೇ ಏನಾದರೂ ನೋಡಬಹುದಾ? ಮಗನ ಕಾಲೇಜಿನ ಮಲ್ಟಿಮೀಟರ್ ಇದೆ.

ದೋಸೆಡೀಸೆಲ್:

ಸ್ಟೀರಿಯೋ ನೋಡಿ ಮೊದಲು. ಹೊರಗಡೆ ಹಾಕಿಸಿದ್ದಾ? ಸೆಟ್ಟಿಗೆ ಹಳದಿ ಒಂದು, ಕೆಂಪು ಒಂದು ವೈರ್ ಇರುತ್ತೆ. ಹಳದಿ ಸದಾ ಕರೆಂಟ್ ಇರುವ ಜಾಗಕ್ಕೆ ಹೋಗಬೇಕು, ಸ್ಟೇಷನ್ ನೆನಪಿಟ್ಟುಕೊಳ್ಳೋಕೆ. ಕೆಂಪು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಕಡೆಗೆ. ಹಾಕುವವರು ಕೆಲಸ ಬೇಗ ಮುಗೀಲಿ ಅಂತ ಎರಡನ್ನೂ ಸೇರಿಸಿ ತಿರುಚಿ ಟೇಪ್ ಸುತ್ತಿಬಿಡ್ತಾರೆ. ಸೆಟ್ ಆಫ್ ಆದಂಗೆ ಕಾಣುತ್ತೆ, ಒಳಗೆ ರಾತ್ರಿಯಿಡೀ ಎಚ್ಚರವಾಗೇ ಇರುತ್ತೆ. ನನ್ನ ಹಳೇ ವ್ಯಾನಲ್ಲಿ ಇದೇ ಆಗಿತ್ತು.

ಕುಡ್ಲದಮಳೆ:

ಮಾರಾಯ್ರೇ, 1999ರ ಗಾಡಿ ಇನ್ನೂ ಇಟ್ಕೊಂಡಿದ್ದೀರಾ? ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಅಂತ ಆರ್‌ಟಿಓ ಬಾಗಿಲು ಕಾಯೋದಕ್ಕಿಂತ ಕೊಟ್ಟುಬಿಡಿ ಅತ್ಲಾಗೆ. ತಮಾಷೆಗೆ ಹೇಳಿದ್ದು, ಬೇಜಾರು ಮಾಡ್ಬೇಡಿ. ನಮ್ಮನೇಲೂ ಒಂದಿದೆ.

ಇಲಿ ನೋಡಿದ್ರಾ? ಕೊಟ್ಟಿಗೆ ಪಕ್ಕ ಅಂದ್ರಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಸಂದಿಗೆ ಬಂದು ಕೂತು ವೈರಿನ ಮೇಲಿನ ಪ್ಲಾಸ್ಟಿಕ್ ತಿಂದುಹಾಕ್ತವೆ. ಬಾನೆಟ್ ಎತ್ತಿ ಟಾರ್ಚ್ ಹಾಕಿ, ಬ್ಯಾಟರಿ ಟ್ರೇ ಅಡಿಯಲ್ಲಿ ಹಿಕ್ಕೆ ಇದೆಯಾ ನೋಡಿ.

ಹುಬ್ಬಳ್ಳಿವೈರು:

ಸರ್, ಊಹೆ ಮಾಡುತ್ತಾ ಕೂತರೆ ಇನ್ನೊಂದು ಬ್ಯಾಟರಿ ತಗೋತೀರಿ ಅಷ್ಟೇ. ಮೀಟರ್ ಇದೆಯಲ್ಲ, ಅಳೆಯಿರಿ. ನೀವು ಹೇಳಿರೋದು ಒಂದೇ ರೋಗ ಅಲ್ಲ, ಎರಡು ಬೇರೆ ಬೇರೆ ಅಂತ ನನಗನಿಸುತ್ತೆ. ರಾತ್ರಿ ಸೋರುವುದು ಒಂದು, ಲೈಟ್ ಕುಣಿಯುವುದು ಇನ್ನೊಂದು.

ಮೊದಲು ಸೋರುವುದು. ಕೀ ತೆಗೆಯಿರಿ, ಬಾಗಿಲೆಲ್ಲ ಮುಚ್ಚಿ, ಒಳಗಿನ ಲೈಟ್ ಆರಿದೆಯಾ ನೋಡಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ನೆಗೆಟಿವ್ ಅಂದೆ, ಪಾಸಿಟಿವ್ ಅಲ್ಲ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿತೋ ದೀಪಾವಳಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಅಂತ ಬರೆದಿರುವ ತೂತಿಗೆ ಹಾಕಿ, ಮೀಟರಿನ ಗುಂಡಿಯನ್ನು ಡಿಸಿ 10 ಆಂಪಿಯರ್‌ಗೆ ತಿರುಗಿಸಿ. ಒಂದು ತುದಿ ಬಿಚ್ಚಿದ ಕೇಬಲ್‌ಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ. ಈಗ ಗಾಡಿಗೆ ಹೋಗುವ ಕರೆಂಟೆಲ್ಲ ಮೀಟರ್ ಮೂಲಕವೇ ಹೋಗಬೇಕು. ಈ ಸ್ಥಿತಿಯಲ್ಲಿ ತಪ್ಪಿಯೂ ಸೆಲ್ಫ್ ಹೊಡೆಯಬೇಡಿ. ಸೆಲ್ಫ್ ನೂರು ಆಂಪಿಯರ್ ಲೆಕ್ಕದಲ್ಲಿ ಎಳೆಯುತ್ತೆ, ಮೀಟರ್ ಒಳಗಿನ ಫ್ಯೂಸ್ ಅಲ್ಲೇ ಢಮಾರ್. ನಾನು ಎರಡು ಸುಟ್ಟಿದ್ದೀನಿ.

ನಿಮ್ಮ ಗಾಡಿಯಲ್ಲಿ ಕಂಪ್ಯೂಟರ್ ಇಲ್ಲ. ಸ್ಟೀರಿಯೋ ನೆನಪು ಬಿಟ್ಟರೆ ಕದ್ದು ತಿನ್ನೋಕೆ ಏನೂ ಇಲ್ಲ. ಹಾಗಾಗಿ 0.03, 0.04 ಬಂದರೆ ಓಕೆ. 0.05 ಕ್ಕಿಂತ ಜಾಸ್ತಿ ಇದ್ದರೆ ಕಳ್ಳ ಒಳಗಿದ್ದಾನೆ. ಆಗ ಒಬ್ಬರು ಮೀಟರ್ ನೋಡುತ್ತಾ ನಿಲ್ಲಿ, ಇನ್ನೊಬ್ಬರು ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಲಿ. ಯಾವುದು ಕಿತ್ತಾಗ ಅಂಕೆ ಧಡಕ್ಕನೆ ಇಳಿಯುತ್ತೋ ಆ ಲೈನಲ್ಲಿ ಹುಡುಕಿ.

ಇನ್ನು ಲೈಟ್ ಕುಣಿಯೋದು ಅರ್ತ್ ಸಮಸ್ಯೆ. ಅರ್ತ್ ಅಂದರೆ ಕರೆಂಟ್ ಬಾಡಿ, ಎಂಜಿನ್ ಲೋಹದ ಮೂಲಕ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಬರುವ ದಾರಿ. ಮುಳ್ಳು ಮೇಲೆ ಹೋಗುತ್ತೆ ಅಂದ್ರಲ್ಲ, ಅದೇ ಗುರುತು. ನೀರಿನ ಬಿಸಿ ತೋರಿಸುವ ಸೆನ್ಸರ್‌ಗೆ ಅರ್ತ್ ಸಿಗೋದು ಎಂಜಿನ್ ಬ್ಲಾಕ್‌ನಿಂದ. ಎಂಜಿನ್ ಅರ್ತ್ ಸರಿ ಇಲ್ಲದಿದ್ದರೆ ಲೋಡ್ ಬಿದ್ದಾಗೆಲ್ಲ ಸುಳ್ಳು ಹೇಳುತ್ತೆ. ಮೀಟರ್ ಅನ್ನು ಡಿಸಿ ವೋಲ್ಟ್‌ಗೆ ಹಾಕಿ, ಒಂದು ತುದಿ ಬ್ಯಾಟರಿ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಯಾವುದಾದರೂ ಹೊಳೆಯುವ ಬೋಲ್ಟ್ ಮೇಲೆ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. 0.3 ವೋಲ್ಟ್ ದಾಟಬಾರದು. ಇದಕ್ಕೆ ಕೇಬಲ್ ವಾಪಸ್ ಹಾಕಿರಬೇಕು ಮತ್ತೆ!

ತುಂಗೆದಡ:

ನಿನ್ನೆ ಮಳೆ ಸ್ವಲ್ಪ ಬಿಟ್ಟಿತ್ತು, ನಾನೂ ಮಗನೂ ಕೂತು ಎಲ್ಲ ಮಾಡಿದೆವು.

ಕೀ ತೆಗೆದ ಮೇಲೆ 0.46 ಆಂಪಿಯರ್ ಬಂತು. ಸ್ಟೀರಿಯೋ ಫ್ಯೂಸ್ ಕಿತ್ತೆ, ಖುಷಿಯಿಂದ ನೋಡಿದರೆ 0.43. ದೋಸೆಡೀಸೆಲ್ ಅವರೇ, ನಿಮ್ಮ ಕಳ್ಳ ಅಲ್ಲ ಇವನು. ಒಳಗಿನ ಲೈಟ್ ಬಲ್ಬನ್ನೇ ತೆಗೆದುಹಾಕಿದೆ, ಏನೂ ಬದಲಾಗಲಿಲ್ಲ. ಆಮೇಲೆ ಒಂದೊಂದೇ ಅಂತ ಎಲ್ಲ ಫ್ಯೂಸ್ ಕಿತ್ತೆವು. ಪೂರ್ತಿ ಖಾಲಿ ಮಾಡಿದರೂ 0.41 ತೋರಿಸುತ್ತಾ ನಿಂತಿದೆ. ಫ್ಯೂಸೇ ಇಲ್ಲದೆ ಕರೆಂಟ್ ಎಲ್ಲಿಗೆ ಹೋಗುತ್ತಿದೆ? ಇಲಿ ಹಿಕ್ಕೆ ಇತ್ತು, ಆದರೆ ಕಡಿದ ವೈರ್ ಒಂದೂ ಸಿಗಲಿಲ್ಲ.

ಅರ್ತ್ ಟೆಸ್ಟಿನಲ್ಲಿ 1.9 ವೋಲ್ಟ್. ಎರಡೆರಡು ಸಲ ನೋಡಿದೆ, ಅಷ್ಟೇ.

ಹಳೇಸ್ಪ್ಯಾನರ್:

ಈಗ ತಾನೇ ಓದಿದೆ. ಇಡೀ ಉತ್ತರ ನಿಮ್ಮ ಮೊದಲ ಪೋಸ್ಟಿನಲ್ಲೇ ಇದೆ, ಎರಡು ಕಡೆ.

0.41 ಆಂಪಿಯರ್ ಅಂದರೆ 5 ವ್ಯಾಟಿನ ಒಂದು ಬಲ್ಬ್ ಉರಿದಷ್ಟು. ಅದಕ್ಕೇ ಎಲ್ಲರೂ ಬಲ್ಬ್ ಹುಡುಕುತ್ತಾರೆ. ಆದರೆ ಫ್ಯೂಸ್ ಬಾಕ್ಸ್ ದಾಟದೆ ಬ್ಯಾಟರಿಗೆ ನೇರ ಸಂಪರ್ಕ ಇರುವ ದೊಡ್ಡ ವಸ್ತು ಎರಡೇ, ಸೆಲ್ಫ್ ಮೋಟರ್ ಮತ್ತು ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ಜನ ಡೈನಮೋ ಅಂತಾರೆ, ಆದರೆ ಇದು ಡೈನಮೋ ಅಲ್ಲ. ಇಲ್ಲೇ ಇರೋದು ವಿಷಯ. ನಿಜವಾದ ಡೈನಮೋ ಇದ್ದ ಹಳೇ ಕಾಲದ ಗಾಡಿಗಳಲ್ಲಿ ಓಡುವಾಗ ಟರ್ಮಿನಲ್ ಎತ್ತಿ ನೋಡುವ ಅಭ್ಯಾಸ ಇತ್ತು. ಆಲ್ಟರ್ನೇಟರ್ ಒಳಗೆ ಎಸಿ ಕರೆಂಟ್ ಹುಟ್ಟುತ್ತೆ, ಅದನ್ನು ಡಿಸಿ ಮಾಡೋಕೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಪ್ಲೇಟ್ ಇರುತ್ತೆ. ಬ್ಯಾಟರಿ ಇದ್ದಾಗ ಅದು ವೋಲ್ಟೇಜಿನ ಏರಿಳಿತ ನುಂಗಿಕೊಳ್ಳುತ್ತೆ. ಓಡುವಾಗ ಬ್ಯಾಟರಿ ಕಿತ್ತರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡ್ ಹೋಗಬಹುದು. ಮಜಾ ಏನಂದರೆ ಆ ಟೆಸ್ಟಿನಲ್ಲಿ ಎಂಜಿನ್ ನಿಲ್ಲೋದಿಲ್ಲ, "ಚೆನ್ನಾಗಿದೆ" ಅಂತ ಪಾಸ್ ಆಗುತ್ತೆ. ಡಯೋಡ್ ಅರ್ಧಂಬರ್ಧ ಕೆಟ್ಟರೆ ಹಗಲು ಚಾರ್ಜ್ ಮಾಡುತ್ತೆ, ರಾತ್ರಿ ಅದೇ ಬಾಗಿಲಿನಿಂದ ವಾಪಸ್ ಸೋರುತ್ತೆ. ನಿಮ್ಮದು ಮೊದಲೇ ಕೆಟ್ಟಿತ್ತೋ ಆ ಟೆಸ್ಟಿನಿಂದ ಕೆಟ್ಟಿತೋ ಈಗ ಯಾರೂ ಹೇಳೋಕಾಗಲ್ಲ, ಬಿಡಿ.

ಲೆಕ್ಕ ನೋಡಿ. 35 ನ್ನು 0.46 ರಿಂದ ಭಾಗಿಸಿದರೆ ಹತ್ತಿರ ಹತ್ತಿರ 76 ಗಂಟೆ, ಮೂರು ದಿನದಲ್ಲಿ ಪೂರ್ತಿ ಖಾಲಿ. ಅರ್ಧ ಇಳಿದರೇ ಸೆಲ್ಫ್‌ಗೆ ಶಕ್ತಿ ಸಾಲದು, ಅದರಲ್ಲೂ ಅರ್ತ್ ಕೆಟ್ಟಿರುವಾಗ. ನಿಮ್ಮ ಭಾನುವಾರ–ಮಂಗಳವಾರ ಸರಿಯಾಗಿ ಕೂತಿತಲ್ವಾ?

ಬೆಳಿಗ್ಗೆ ಗಾಡಿ ಮುಟ್ಟುವ ಮೊದಲೇ ಬಾನೆಟ್ ಎತ್ತಿ ಆಲ್ಟರ್ನೇಟರ್ ಮೇಲೆ ಅಂಗೈ ಇಡಿ. ಪಕ್ಕದ ಎಂಜಿನ್ ತಣ್ಣಗಿದ್ದು ಅದು ಮಾತ್ರ ಬೆಚ್ಚಗಿದ್ದರೆ ಸಿಕ್ಕಿತು ಅಂತ. ಗಟ್ಟಿ ಮಾಡಿಕೊಳ್ಳೋಕೆ ಬ್ಯಾಟರಿ ನೆಗೆಟಿವ್ ಬಿಚ್ಚಿ, ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನ ನಟ್ ತೆಗೆದು ವೈರಿನ ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆಯಿರಿ.

ಎರಡನೇದು ಆಕ್ಸಿಲರೇಟರ್ ಕೇಬಲ್. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ, ರಬ್ಬರಿನಲ್ಲಿ ಕರೆಂಟ್ ಹೋಗಲ್ಲ. ಅರ್ತ್ ಕೇಬಲ್ ಕೆಟ್ಟರೆ ಸೆಲ್ಫ್ ಎಳೆಯುವ ಕರೆಂಟಿಗೆ ವಾಪಸ್ ಹೋಗೋಕೆ ದಾರಿ ಬೇಕಲ್ಲ? ಎಂಜಿನ್ನಿಂದ ಬಾಡಿಗೆ ಹೋಗುವ ಲೋಹದ ಕೇಬಲ್ ಯಾವುದಿದೆಯೋ ಅದನ್ನೇ ಹಿಡಿಯುತ್ತೆ. ಒಳಗಿನ ತಂತಿ ಕಾಯುತ್ತೆ, ಪ್ಲಾಸ್ಟಿಕ್ ಕರಗಿ ಅಂಟುತ್ತೆ, ಕೇಬಲ್ ಬಿಗಿ. ಕಿತ್ತ ಹಳೇ ಕೇಬಲ್ ಇದ್ದರೆ ಸೀಳಿ ನೋಡಿ.

ಒಂದು ಸುಲಭ ಪರೀಕ್ಷೆ ಇದೆ. ಜಂಪರ್ ಕೇಬಲ್‌ನ ಒಂದು ಎಳೆಯನ್ನು ಬ್ಯಾಟರಿ ನೆಗೆಟಿವ್‌ನಿಂದ ನೇರ ಎಂಜಿನ್ ಬ್ಲಾಕ್‌ಗೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಆಗ ಜೋರಾಗಿ ತಿರುಗಿದರೆ ಅರ್ತ್ ಕೆಟ್ಟಿದೆ ಅಂತಲೇ.

ಹುಬ್ಬಳ್ಳಿವೈರು:

ಕೇಬಲ್ ವಿಷಯ ನನ್ನ ಕಣ್ಣಿಗೇ ಬಿದ್ದಿರಲಿಲ್ಲ ನೋಡ್ರಿ. ಭಾರೀ ಹಿಡಿದಿರಿ ಸರ್.

ತುಂಗೆದಡ:

ಸಿಕ್ಕಿತು, ಎರಡೂ ಸಿಕ್ಕಿತು.

ಬೆಳಿಗ್ಗೆ ಆರಕ್ಕೆ ಎದ್ದು ಶೆಡ್ಡಿಗೆ ಹೋದೆ. ಹೊರಗೆ ಜಿಟಿಜಿಟಿ, ಬಾನೆಟ್ ಐಸಿನ ಹಾಗೆ. ಆಲ್ಟರ್ನೇಟರ್ ಮೇಲೆ ಕೈ ಇಟ್ಟರೆ ಈಗ ತಾನೇ ಮೊಟ್ಟೆ ಇಟ್ಟು ಎದ್ದ ಕೋಳಿ ಗೂಡಿನಷ್ಟು ಬೆಚ್ಚಗೆ. ಮಗನನ್ನೂ ಎಬ್ಬಿಸಿ ಮುಟ್ಟಿಸಿದೆ. ದಪ್ಪ ವೈರ್ ಬಿಚ್ಚಿ ಅಳೆದರೆ 0.00. ಫ್ಯೂಸ್ ಎಲ್ಲ ವಾಪಸ್ ಹಾಕಿದ ಮೇಲೆ 0.03, ಅದು ಸ್ಟೀರಿಯೋ.

ಜಂಪರ್ ಕೇಬಲ್ ಕಚ್ಚಿಸಿ ಸೆಲ್ಫ್ ಹೊಡೆದಾಗ ಗಾಡಿ ಒಂದೇ ಏಟಿಗೆ ಹಾರಿಬಿತ್ತು. ಇಷ್ಟು ಜೋರು ತಿರುಗುವುದನ್ನು ಎಷ್ಟೋ ವರ್ಷದಿಂದ ಕೇಳಿಲ್ಲ. ಅರ್ತ್ ಕೇಬಲ್ ಗೇರ್‌ಬಾಕ್ಸಿಗೆ ಸೇರುವ ಬೋಲ್ಟ್ ಬಿಚ್ಚಿದೆ. ಮೇಲಿನಿಂದ ನೋಡಿದರೆ ಗಟ್ಟಿಯಾಗೇ ಇತ್ತು. ಅಡಿಯಲ್ಲಿ ಲಗ್‌ಗೂ (ಕೇಬಲ್ ತುದಿಯ ಲೋಹದ ಬಳೆ) ಗೇರ್‌ಬಾಕ್ಸಿನ ಲೋಹಕ್ಕೂ ಮಧ್ಯೆ ತುಕ್ಕು, ಬೆರಳಲ್ಲಿ ಉಜ್ಜಿದರೆ ಕುಂಕುಮದ ಹಾಗೆ ಬರುತ್ತೆ. ಲಗ್ ಹತ್ತಿರ ಕೇಬಲಿನ ರಬ್ಬರ್ ಸೀಳಿದರೆ ಒಳಗೆ ತಾಮ್ರ ಹಸಿರು ಪುಡಿ. ಹೊಸ ಕೇಬಲ್ ಮಾಡಿಸಿ, ಜಾಗವನ್ನು ಉಪ್ಪುಕಾಗದದಲ್ಲಿ ತಿಕ್ಕಿ ಹೊಳೆಯುವ ಹಾಗೆ ಮಾಡಿ ಬಿಗಿದು, ಮೇಲೆ ವ್ಯಾಸಲೀನ್ ಬಳಿದೆ. ಈಗ ಟೆಸ್ಟ್ ಮಾಡಿದರೆ 0.15.

ಆಲ್ಟರ್ನೇಟರ್ ಬಿಚ್ಚಿ ಶಿವಮೊಗ್ಗದಲ್ಲಿ ಡಯೋಡ್ ಪ್ಲೇಟ್ ಹಾಕಿಸಿದೆ, ಒಳಗಿನ ಕಾರ್ಬನ್ ಬ್ರಷ್ಷೂ ಸವೆದಿತ್ತು ಅಂತ ಅದನ್ನೂ ಹಾಕಿದರು. ಓಡುವಾಗ 14.1 ವೋಲ್ಟ್ ಇದೆ. ನಾಲ್ಕು ದಿನ ನಿಲ್ಲಿಸಿ ನೋಡಿದೆ, ಬ್ಯಾಟರಿ 12.5, ಒಂದೇ ಸಲಕ್ಕೆ ಸ್ಟಾರ್ಟ್. ಮುಳ್ಳೂ ಅಲುಗುತ್ತಿಲ್ಲ.

ಹಳೇ ಆಕ್ಸಿಲರೇಟರ್ ಕೇಬಲ್ ಬಚ್ಚಲೊಲೆ ಹತ್ತಿರ ಬಿದ್ದಿತ್ತು, ಬ್ಲೇಡಿನಲ್ಲಿ ಸೀಳಿದೆ. ಒಳಗಿನ ಪ್ಲಾಸ್ಟಿಕ್ ಒಂದು ಕಡೆ ಕಂದು ಬಣ್ಣಕ್ಕೆ ತಿರುಗಿ ತಂತಿಗೆ ಮೆತ್ತಿಕೊಂಡಿದೆ.

ದೋಸೆಡೀಸೆಲ್:

ಸೂಪರ್. ಲೈಟ್ ಇನ್ನೂ ಮಂಕು ಅನ್ನಿಸಿದರೆ ರಿಲೇ ಹಾಕಿಸಿ (ಸ್ವಿಚ್ ಬದಲು ಬ್ಯಾಟರಿಯಿಂದ ನೇರ ಲೈಟಿಗೆ ಕರೆಂಟ್ ಬಿಡುವ ಸಾಧನ), 100/90 ವ್ಯಾಟಿನ ಬಲ್ಬ್ ಮಾತ್ರ ಬೇಡ. ಆ ಕರೆಂಟೆಲ್ಲ ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿನಲ್ಲೇ ಹೋದರೆ ಸ್ವಿಚ್ ಕರಗುತ್ತೆ. 60/55 ಸಾಕು.

ಕುಡ್ಲದಮಳೆ:

ಹಾಗಾದ್ರೆ ಮಾರಾಯ್ರೇ, ಆ ಮೊದಲನೇ ಬ್ಯಾಟರಿ?

ತುಂಗೆದಡ:

ಅದನ್ನು ಕೇಳಬೇಡಿ. ತಗೊಂಡು ಬರೀ ಒಂದೂವರೆ ವರ್ಷ ಆಗಿತ್ತು.