ಉಡುಪಿ ಹತ್ರವೇ ಕೆಲಸ ಸಿಕ್ಕಿದೆ, ಆದ್ರೆ ಮಂಗಳೂರು ಬಸ್ಸು ಬಿಡ್ಲಿಕ್ಕೆ ಮನಸ್ಸಾಗ್ತಿಲ್ಲ

ಕುಂಜಿಬೆಟ್ಟು36:

ನಂಗೆ 36. ಮನೆ ಉಡುಪಿ ಕುಂಜಿಬೆಟ್ಟು, ಕೆಲಸ ಮಂಗಳೂರಲ್ಲಿ, ಹಂಪನಕಟ್ಟೆ ಹತ್ರ ಒಂದು ಆಫೀಸಿನ ಅಕೌಂಟ್ಸ್ ಸೆಕ್ಷನ್. ಬರುವ ನವೆಂಬರ್‌ಗೆ 5 ವರ್ಷ ಆಗ್ತದೆ. ದಿನಾ ಎಕ್ಸ್‌ಪ್ರೆಸ್ ಬಸ್ಸು, ಹೋಗ್ಲಿಕ್ಕೆ ಒಂದೂವರೆ ಗಂಟೆ ಬರ್ಲಿಕ್ಕೆ ಒಂದೂವರೆ ಗಂಟೆ, ಬೈಕಂಪಾಡಿ ಹತ್ರ ಬ್ಲಾಕ್ ಆದ್ರೆ ಇನ್ನೂ ಜಾಸ್ತಿ. ಈಗ ಮಣಿಪಾಲದಲ್ಲಿ ಒಂದು ಕಡೆ ಕೆಲಸ ಸಿಕ್ಕಿದೆ, ಸಂಬಳ ಹೆಚ್ಚುಕಮ್ಮಿ ಇಷ್ಟೇ, ಮನೆಯಿಂದ ಸ್ಕೂಟಿಯಲ್ಲಿ ಹತ್ತು ನಿಮಿಷ. ಮನೆಯವರಿಗೆಲ್ಲ ಖುಷಿ, ಅತ್ತೆ ಕೂಡ್ಲೆ ದೇವರಿಗೆ ದೀಪ ಹಚ್ಚಿ ಬಂದ್ರು. ನಂಗೆ ಮಾತ್ರ ಆ ದಿನ ರಾತ್ರಿ ನಿದ್ದೆ ಬರ್ಲಿಲ್ಲ, ಯಾಕೆ ಅಂತ ಎರಡು ದಿನ ಗೊತ್ತೂ ಆಗ್ಲಿಲ್ಲ, ಮತ್ತೆ ಬಸ್ಸಲ್ಲಿ ಕೂತಾಗ ಗೊತ್ತಾಯ್ತು, ಇದು ಇನ್ನು ಇರುದಿಲ್ಲ ಅಲ್ವಾ ಅಂತ.

ಬೆಳಿಗ್ಗೆ ಐದಕ್ಕೆ ಏಳುದು. ಕುಚ್ಚಲಕ್ಕಿ ಬೇಯ್ಲಿಕ್ಕೆ ಇಟ್ಟು, ತಿಂಡಿಗೆ ನೀರುದೋಸೆಯೋ ಸಜ್ಜಿಗೆಯೋ ಎಂತಾದ್ರೂ ಮಾಡಿ, ಮಧ್ಯಾಹ್ನದ ಸಾಂಬಾರಿಗೆ ಕಾಯಿ ತುರಿದು ಮಿಕ್ಸಿಗೆ ಹಾಕುವಷ್ಟರಲ್ಲಿ ಮಗ ಎದ್ದು ಒಂದು ಸಾಕ್ಸ್ ಸಿಗ್ತಿಲ್ಲ ಅಂತಾನೆ, ಅತ್ತೆಯ ಶುಗರಿನ ಮಾತ್ರೆ ತಿಂಡಿಗೆ ಮುಂಚೆ ಕೊಡ್ಬೇಕು. ನಮ್ಮವರು ಒಳ್ಳೆಯವರೇ, ಮಗನನ್ನು ಶಾಲೆಗೆ ಬಿಡುದು ಪೂರಾ ಅವರೇ. ಆದ್ರೆ ಮನೆಯಲ್ಲಿ ಎಂತ ಎಲ್ಲಿ ಉಂಟು ಅಂತ ಗೊತ್ತಿರುದು ನಂಗೊಬ್ಬಳಿಗೆ, ಹಾಗಾಗಿ ಎಲ್ಲರೂ ಕರೆಯುದು ನನ್ನನ್ನೇ.

ಬಸ್ಸು ಹತ್ತಿ ಟಿಕೆಟ್ ತೆಗೊಂಡು ಮೊಬೈಲ್ ಬ್ಯಾಗಿನ ಒಳಗೆ ಹಾಕಿದ್ರೆ ಮತ್ತೆ ಮಂಗಳೂರಿನ ಜ್ಯೋತಿ ಸ್ಟಾಪ್ ಹತ್ರವೇ ತೆಗೆಯುದು. ಹಾಡು ಕೇಳುದಿಲ್ಲ, ಓದುದೂ ಇಲ್ಲ, ಸುಮ್ಮನೆ ಹೊರಗೆ ನೋಡುದು. ದಾರಿಯಲ್ಲಿ ನಾಲ್ಕು ಹೊಳೆ ಸಿಗ್ತದೆ, ಉದ್ಯಾವರದ್ದು, ಮೂಲ್ಕಿಯಲ್ಲಿ ಶಾಂಭವಿ, ಪಾವಂಜೆಯಲ್ಲಿ ನಂದಿನಿ, ಕೂಳೂರಲ್ಲಿ ಫಲ್ಗುಣಿ. ನಂಗೆ ಹೆಚ್ಚು ಇಷ್ಟ ಶಾಂಭವಿ. ಜನವರಿಯಲ್ಲಿ ನೀರು ಹಸಿರು ಹಸಿರು, ಅಲ್ಲಾಡುದೇ ಇಲ್ಲ, ದಡದ ತೆಂಗಿನ ಮರ ಹಾಗೇ ತಲೆಕೆಳಗಾಗಿ ಕಾಣ್ತದೆ. ಈಗ ಆಟಿ ತಿಂಗಳ ಮಳೆಗೆ ಕೆಂಪು ನೀರು ದಡ ತುಂಬಿ ಹೋಗ್ತಾ ಉಂಟು, ಮೊನ್ನೆ ಒಂದು ಬಾಳೆಗಿಡ ಬುಡ ಸಮೇತ ತೇಲಿಕೊಂಡು ಹೋಗುದು ಕಂಡೆ, ಗೊನೆ ಹಾಗೇ ಇತ್ತು, ಯಾರ ತೋಟದ್ದೋ ಪಾಪ ಅಂತ ಸುರತ್ಕಲ್ ಬರುವವರೆಗೆ ಅದನ್ನೇ ಎಣಿಸ್ತಾ ಕೂತಿದ್ದೆ. ನಂಗೆ ಹಾಗೆ ಒಂದು ವಿಷಯವನ್ನು ಪೂರ್ತಿ ಎಣಿಸ್ಲಿಕ್ಕೆ ಟೈಮ್ ಸಿಗುದು ಅಲ್ಲಿ ಮಾತ್ರ. ನನ್ನನ್ನು ಕರೆಯುದು ಕಂಡಕ್ಟರ್ ಒಬ್ಬ, "ದುಂಬು ಪೋಲೆ ಅಕ್ಕಾ" (ಮುಂದೆ ಹೋಗಿ ಅಕ್ಕ) ಅಂತ ತುಳುವಲ್ಲಿ, ಅದೂ ಸೀಟು ಸಿಗದ ದಿನ.

ಇವರು ಹೇಳುದು ದುಡ್ಡಿನ ಲೆಕ್ಕ, ಅದು ತಪ್ಪಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಊರಿಗೆಲ್ಲ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯ್ತು, ಆದ್ರೆ ನಮ್ಮ ರೂಟಲ್ಲಿ ಓಡುದು ಹೆಚ್ಚಾಗಿ ಪ್ರೈವೇಟ್ ಬಸ್ಸು, ಹಾಗಾಗಿ ಸಂಬಳದಲ್ಲಿ ಒಂದು ಪಾಲು ಟಿಕೆಟಿಗೇ ಹೋಗ್ತದೆ. ಆದ್ರೆ ಮಗನ ಜೊತೆ ಕಳೆಯಬಹುದಾದ ಮೂರು ಗಂಟೆಗಿಂತ ಬಸ್ಸು ಬೇಕು ಅಂತ ಯಾವ ಬಾಯಲ್ಲಿ ಹೇಳುದು? ಯಾರಿಗಾದ್ರೂ ಹೀಗೆ ಆದದ್ದುಂಟಾ? ಈ ತಿಂಗಳ ಕೊನೆಗೆ ಉತ್ತರ ಕೊಡ್ಬೇಕು.

ಕಟಪಾಡಿಯವಳು:

ಆದದ್ದುಂಟು. ನಾನು ಮೂರು ವರ್ಷದ ಹಿಂದೆ ಸುರತ್ಕಲ್ ಕೆಲಸ ಬಿಟ್ಟು ಉಡುಪಿಗೆ ಬಂದವಳು, ಈಗ 39. ಉಳಿದ ಟೈಮಲ್ಲಿ ವಾಕಿಂಗ್ ಹೋಗುದು, ಅರ್ಧಕ್ಕೆ ಬಿಟ್ಟ ಸಂಗೀತ ಕ್ಲಾಸಿಗೆ ಸೇರುದು ಅಂತೆಲ್ಲ ಗ್ರಹಿಸಿದ್ದೆ. ಎಲ್ಲಿ! ಒಂದು ತಿಂಗಳು ಆಗುವಷ್ಟರಲ್ಲಿ "ನೀನು ಹೇಗೂ ಬೇಗ ಬರ್ತಿಯಲ್ಲ" ಅಂತ ಪಾತ್ರೆ ತೊಳೆಯಲು ಬರ್ತಿದ್ದವರನ್ನು ಬಿಡಿಸಿದ್ರು. ಮೊದಲು ನಾನು ಏಳೂವರೆಗೆ ಮುಟ್ಟುವಾಗ ಮಾವ ಚಾ ತಾವೇ ಮಾಡಿ ಕುಡಿದು ಲೋಟ ತೊಳೆದು ಬೋರಲು ಹಾಕಿ ಇಟ್ಟಿರ್ತಿದ್ರು. ಈಗ ಐದೂಮುಕ್ಕಾಲಿಗೆ ನಾನು ಗೇಟು ತೆಗೆದ ಶಬ್ದ ಆದ್ರೆ ಖಾಲಿ ಲೋಟ ಟೇಬಲ್ ಮೇಲೆ ಇಟ್ಟು ಕೂತಿರ್ತಾರೆ. ಅವರನ್ನು ದೂರುದಲ್ಲ, ಮನೆಯಲ್ಲಿ ಜನ ಇದ್ರೆ ಹಾಗೇ ಆಗ್ತದೆ, ಬಾಯಿಬಿಟ್ಟು ಹೇಳದೆ ಇದ್ದದ್ದು ನಾನು.

ಹಾಗಾಗಿ ಕೆಲಸ ಬದಲಿಸುದಾದ್ರೆ ಸೇರುವ ಮೊದಲೇ ಹೇಳಿ, ನಾನು ಮನೆಗೆ ಬರುದು ಇಷ್ಟು ಗಂಟೆಗೆ, ಅದಕ್ಕೆ ಮುಂಚೆ ಇಲ್ಲ ಅಂತ. ಎರಡು ತಿಂಗಳು ಕಳೆದು ಹೇಳಿದ್ರೆ ಕೊಟ್ಟದ್ದನ್ನು ವಾಪಸ್ ಕೇಳಿದ ಹಾಗೆ ಆಗ್ತದೆ, ನಾನು ಹೇಳಿ ನೋಡಿದ್ದೇನೆ, ಒಂದು ವಾರ ಮನೆಯಲ್ಲಿ ಮಾತಿಲ್ಲ.

ಕದ್ರಿ ಲೆಕ್ಕ:

ಮನಸ್ಸಿನ ವಿಷಯ ಮತ್ತೆ ಮಾತಾಡುವ, ಮೊದಲು ಆ ನವೆಂಬರ್ ನೋಡಿ ಮಾರಾಯ್ರೆ. 10 ಜನಕ್ಕೆ ಕಮ್ಮಿ ಇಲ್ಲದ ಆಫೀಸು, ಪರ್ಮನೆಂಟ್ ಕೆಲಸ ಅಂತಾದ್ರೆ ಗ್ರಾಚ್ಯುಟಿಗೆ, ಅಂದ್ರೆ ಕೆಲಸ ಬಿಡುವಾಗ ಆಫೀಸಿನವರು ಕೊಡುವ ಇಡಿಗಂಟಿಗೆ, 5 ವರ್ಷ ತುಂಬ್ಬೇಕು. ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸರ್ವಿಸ್ ವರ್ಷದಿಂದ ಗುಣಿಸುದು. ಎರಡೂ ಸೇರಿ 20,800 ಇದ್ರೆ 5 ವರ್ಷಕ್ಕೆ 60,000 ರೂಪಾಯಿ ಬರ್ತದೆ. ನಾಲ್ಕು ತಿಂಗಳಿಗೋಸ್ಕರ ಅದನ್ನು ಬಿಡ್ಬೇಡಿ, ಮಣಿಪಾಲದವರ ಹತ್ರ ಜಾಯಿನಿಂಗ್ ಡೇಟ್ ಮುಂದೆ ಹಾಕ್ಲಿಕ್ಕೆ ಕೇಳಿ. ಪಿಎಫ್ ತೆಗಿಲಿಕ್ಕೆ ಹೋಗ್ಬೇಡಿ, ಅದೇ ಯುಎಎನ್‌ನಲ್ಲಿ (ನಿಮ್ಮ ಪಿಎಫ್ ನಂಬರಲ್ಲಿ) ಟ್ರಾನ್ಸ್‌ಫರ್ ಮಾಡಿಸಿ. ಊರವರ ಲೆಕ್ಕ ಎಲ್ಲ ಬರೆದು ನಮ್ಮದನ್ನೇ ಬಿಡುದು ನಾವು, ಅದಕ್ಕೇ ಇಷ್ಟು ಹೇಳಿದ್ದು.

ಇನ್ನೊಂದು, ನಾನೂ ಕಾಪುವಿನಿಂದ ಒಂಬತ್ತು ವರ್ಷ ಓಡಾಡಿದವಳು. ಆ ಬಸ್ಸಿನ ಸ್ಪೀಡು, ಬ್ರೇಕು, ಸೀಟು ಸಿಗದ ದಿನ ಒಂದು ಕೈಯಲ್ಲಿ ಕಂಬಿ ಹಿಡಿದು ನಿಲ್ಲುದು, ಸೊಂಟ ಕೇಳುದಿಲ್ಲ. ನಂಗೆ 38ಕ್ಕೆ ನೋವು ಶುರುವಾದದ್ದು ಈಗಲೂ ಉಂಟು. ಹೊಳೆ ನೋಡ್ಲಿಕ್ಕೆ ಬೇರೆ ದಾರಿ ಹುಡುಕುವ.

ಹೂವಿನಂಗಳ:

ನಾನು ಶಂಕರಪುರ, 33, ಆಫೀಸಿಗೆ ಹೋಗುವವಳಲ್ಲ, ಮನೆಯಲ್ಲಿ ಮಲ್ಲಿಗೆ. ನಿಮ್ಮದು ಓದಿ ನಂಗೆ ಹೂ ಕೊಯ್ಯುವ ಹೊತ್ತು ನೆನಪಾಯ್ತು. ಮೊಗ್ಗು ಬಿರಿಯುವ ಮೊದಲು ಕೊಯ್ಯಬೇಕಲ್ಲ, ಬೆಳಕು ಹರಿಯುವಾಗ ಗಿಡದ ಹತ್ರ ಇರ್ತೇನೆ, ಸೀರೆಯ ಅಂಚು ಎಲ್ಲ ಚಂಡಿ (ಒದ್ದೆ), ಬೆರಳು ತಣ್ಣಗೆ. ಕೆಲಸವೇ ಅದು, 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ, ಹೊತ್ತಿಗೆ ಸರಿಯಾಗಿ ಕಟ್ಟಿ ಏಜೆಂಟರಿಗೆ ಮುಟ್ಟಿಸ್ಬೇಕು, ಕಟ್ಟುವಾಗ ಸುತ್ತ ಎಲ್ಲರೂ ಕೂತು ಮಾತು, ಟಿವಿ, ಮಕ್ಕಳ ಬೊಬ್ಬೆ. ಕೊಯ್ಯುವಾಗ ಮಾತ್ರ ನಾನೊಬ್ಬಳೇ, ಕೈ ತನ್ನಷ್ಟಕ್ಕೆ ಹೋಗ್ತಾ ಇರ್ತದೆ.

ಹೋದ ವರ್ಷ ನಾದಿನಿ ಕೊಯ್ಲಿಕ್ಕೆ ನಾನೂ ಬರ್ತೇನೆ ಅಂದಾಗ ಬೇಡ ಅಂದೆ. ಅವಳಿಗೆ ಬೇಜಾರಾಯ್ತು, ಹೂವಿನ ದುಡ್ಡಿಗೆ ಹೇಳಿದ್ದು ಅಂತ ಎಣಿಸಿದಳು. ಮತ್ತೆ ಕರೆದು ಹೇಳಿದೆ, ದುಡ್ಡಿಗಲ್ಲ, ಕಟ್ಲಿಕ್ಕೆ ದಿನಾ ಬಾ, ಕೊಯ್ಯುವಾಗ ನಂಗೆ ಒಬ್ಬಳೇ ಇರ್ಬೇಕು ಅಂತ. ಮತ್ತೆಂತದೂ ಕೇಳ್ಲಿಲ್ಲ ಅವಳು. ಅವಳದ್ದೂ ಮದುವೆಯಾಗಿ ಎಂಟು ವರ್ಷ ಆಯ್ತು. ನೀವು ಮನೆಯಲ್ಲಿ ಹೇಳಿ ಅಕ್ಕ, ನೀವು ಹೆದರಿದಷ್ಟು ಆಗ್ಲಿಕ್ಕಿಲ್ಲ.

ಕುಂಜಿಬೆಟ್ಟು36:

ಎಲ್ಲರಿಗೂ ಥ್ಯಾಂಕ್ಸ್, ಒಂದೊಂದನ್ನೂ ಎರಡೆರಡು ಸಲ ಓದಿದೆ. ಗ್ರಾಚ್ಯುಟಿ ನಿಜವಾಗ್ಲೂ ನನ್ನ ತಲೆಗೆ ಹೋಗಿರ್ಲಿಲ್ಲ. ಮಣಿಪಾಲದವರಿಗೆ ಫೋನ್ ಮಾಡಿ ಕೇಳಿದೆ, ಡಿಸೆಂಬರ್ 1ಕ್ಕೆ ಸೇರಿದ್ರೆ ಸಾಕು ಅಂದ್ರು.

ನಿನ್ನೆ ರಾತ್ರಿ ಪಾತ್ರೆ ಒರೆಸಿ ಇಡುವಾಗ ಇವರ ಹತ್ರ ಹೇಳಿದೆ. ಬಸ್ಸಿನ ವಿಷಯ, ಬಾಳೆಗಿಡದ ವಿಷಯ ಎಲ್ಲ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಬೇಜಾರಾಯ್ತೋ ಅಂತ ನೋಡಿದೆ, ಮತ್ತೆ "ಗೊನೆ ಎಷ್ಟು ದೊಡ್ಡದಿತ್ತು?" ಅಂತ ಕೇಳಿದ್ರು. ನಂಗೆ ಕಣ್ಣಲ್ಲಿ ನೀರು ಬಂತು. ಆಫೀಸು ಐದೂವರೆಗೆ ಬಿಟ್ರೂ ನಾನು ಮನೆಗೆ ಬರುದು ಏಳಕ್ಕೆ ಅಂದೆ, ಆಯ್ತು ಅಂದ್ರು, ಅತ್ತೆಗೆ ಚಾ ಅವರೇ ಮಾಡಿ ಕೊಡ್ತಾರಂತೆ. ಅತ್ತೆಗೆ ಇನ್ನೂ ಹೇಳ್ಲಿಲ್ಲ, ಭಾನುವಾರ ಇಬ್ಬರೂ ಕೂತು ಹೇಳುದು.

ಇನ್ನು ಆಫೀಸು ಬಿಟ್ಟ ಮೇಲೆ ಮಣಿಪಾಲದ ಎಂಡ್ ಪಾಯಿಂಟ್‌ಗೆ ಹೋಗಿ ಕೂರುವ ಅಂತ ಉಂಟು, ಅಲ್ಲಿಂದ ಕೆಳಗೆ ಸ್ವರ್ಣಾ ನದಿ ಕಾಣ್ತದಲ್ಲ. ಬೇಸಿಗೆಗೆ ತೊಂದ್ರೆ ಇಲ್ಲ, ಮಳೆಗಾಲದಲ್ಲಿ ಹೊಳೆ ಕಾಣುವ ಹಾಗೆ ಚಂಡಿಯಾಗದೆ ಕೂರ್ಲಿಕ್ಕೆ ಆ ಕಡೆ ಎಲ್ಲಾದ್ರೂ ಜಾಗ ಗೊತ್ತಿದ್ರೆ ಹೇಳಿ.